ಹೃದಯಶ್ರೀ ರಾಚಪ್ಪನ ಕಡಗ

ಮುಂಗೈಗೆ ಒಂದು ಕಡಗ ಕಟ್ಟುತ್ತೇವೆ, ಇನ್ನು ಮೇಲೆ ಡಾಕ್ಟರ ಹತ್ತಿರ ನಿಮ್ಮ ಪರವಾಗಿ ಅದೇ ಮಾತಾಡುತ್ತದೆ, ನೀವು ಬಾಯಿ ತೆರೆಯುವುದೇ ಬೇಡ ಎಂದು ಯಾರಾದರೂ ಬಂದು ಹೇಳಿದರೆ ಏನು ಮಾಡುತ್ತೀರಿ? ನಮ್ಮ ಕಡೆಯ ಜನ ಸುಮ್ಮನೆ ಕೈ ಚಾಚಿದರು. ಬಾಯಿದ್ದಾಗಲೂ ಅವರ ಮಾತನ್ನು ಯಾವ ಆಸ್ಪತ್ರೆ ಕೇಳಿತ್ತು? ಕಡಗಕ್ಕಾದರೂ ಮರ್ಯಾದೆ ಸಿಕ್ಕೀತು ಎಂದುಕೊಂಡರು. ಅವರನ್ನು ನಾನು ಬೈಯಲಾರೆ. ಬೈಯಬೇಕಾದವರು ಬೇರೆ ಇದ್ದಾರೆ. ಅವರು ಕೊಟ್ಟ ಸಂಬಳದಲ್ಲಿ ನಾನು ಆರು ವರ್ಷ ಉಂಡಿದ್ದೇನೆ, ಆದ್ದರಿಂದ ನನ್ನನ್ನೂ ಸೇರಿಸಿಕೊಂಡೇ ಬೈಯುತ್ತೇನೆ.

ನನ್ನ ಹೆಸರು ಎಸ್ತೇರ ಬೆಂಗೇರಿ. ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ಮೂರು ವರ್ಷ ದುಡಿದು ವಾರ್ಡ್ ಸಿಸ್ಟರಾಗಿ ನಿವೃತ್ತಳಾದವಳು. ಮನೆಯಲ್ಲಿ ಕೂತು ಧಾರಾವಾಹಿ ನೋಡುವ ತಾಳ್ಮೆ ಇಲ್ಲದ್ದರಿಂದ ಹುಬ್ಬಳ್ಳಿಯ ‘ನಿಶ್ಚಿಂತ’ ಕಂಪನಿ ಸೇರಿದೆ. ಹತ್ತು ಸಾವಿರ ಕಡಗಗಳಿಗೆ ಒಬ್ಬ ನೋಂದಾಯಿತ ನರ್ಸ್ ಇರಲೇಬೇಕು ಎಂದು ಕಾನೂನು ಬಂದಿತ್ತು. ಮದುವೆಮನೆಯ ಬಾಗಿಲಿಗೆ ಬಾಳೆಕಂಬ ಕಟ್ಟುವ ಹಾಗೆ ಕಂಪನಿ ನನ್ನನ್ನು ಕಂಟ್ರೋಲ್ ರೂಮಿನ ಮೊದಲ ಕುರ್ಚಿಗೆ ಕಟ್ಟಿತು. ಬಂದ ಅತಿಥಿಗಳಿಗೆಲ್ಲ ನನ್ನ ನರೆಗೂದಲು ತೋರಿಸಿ, ‘ಅನುಭವ ಮತ್ತು ತಂತ್ರಜ್ಞಾನದ ಸಂಗಮ’ ಎನ್ನುತ್ತಿದ್ದರು.

ಕಂಟ್ರೋಲ್ ರೂಮೆಂದರೆ ನಾಲ್ಕನೇ ಮಹಡಿ, ಮೇ ತಿಂಗಳಲ್ಲೂ ಸ್ವೆಟರ್ ಬೇಡುವ ಏಸಿ, ಗೋಡೆ ತುಂಬ ಪರದೆ. ಪರದೆಯ ಮೇಲೆ ಚುಕ್ಕೆಗಳು. ಒಂದೊಂದು ಚುಕ್ಕೆ ಒಬ್ಬೊಬ್ಬ ಮನುಷ್ಯ. ನಾಡಿ ಸರಿ ಇದ್ದರೆ ಚುಕ್ಕೆ ಹಸಿರು. ಅನುಮಾನವಿದ್ದರೆ ಹಳದಿ. ನಾಡಿ ನೂರೈವತ್ತು ದಾಟಿ ಹತ್ತು ನಿಮಿಷ ಹಾಗೇ ಓಡಿದರೆ ಕೆಂಪು. ಕೆಂಪಾದರೆ ಆಂಬುಲೆನ್ಸ್ ತಾನಾಗಿಯೇ ಹೊರಡುತ್ತದೆ, ಆಸ್ಪತ್ರೆಯ ಕಂಪ್ಯೂಟರಿನಲ್ಲಿ ರೋಗಿಯ ಹೆಸರು ತಾನಾಗಿಯೇ ತೆರೆದುಕೊಳ್ಳುತ್ತದೆ. ಕೆಂಪಾಗದಿದ್ದರೆ ನೀವು ಹೋಗಿ ಡಾಕ್ಟರ ಕಾಲಿಗೆ ಬಿದ್ದರೂ ಹೆಸರು ತೆರೆಯುವುದಿಲ್ಲ, ಹಾಸಿಗೆಯೂ ಇಲ್ಲ. ಬಣ್ಣ ಬದಲಿಸುವ ಅಧಿಕಾರ ಯಂತ್ರಕ್ಕೆ ಮಾತ್ರ. ನರ್ಸುಗಳಿಗೆ ಕೊಟ್ಟಿದ್ದು ಸಮಾಧಾನ ಹೇಳುವ ಅಧಿಕಾರ.

ಇದರ ಹಿಂದಿನ ವ್ಯಾಪಾರ ಬಹಳ ಸರಳ. ಮೊದಲು ರೋಗಿ ಆಸ್ಪತ್ರೆಗೆ ಬಂದರೆ ವ್ಯಾಪಾರವಾಗುತ್ತಿತ್ತು, ಈಗ ಬಾರದಿದ್ದರೆ ವ್ಯಾಪಾರವಾಗುತ್ತದೆ. ಒಂದು ಊರಿನ ಜನರನ್ನೆಲ್ಲ ಮನೆಯಲ್ಲೇ ಆರೋಗ್ಯವಾಗಿ ಇಟ್ಟುಕೊಳ್ಳುತ್ತೇವೆಂದು ಕಂಪನಿ ಸರಕಾರಕ್ಕೂ ವಿಮೆಯವರಿಗೂ ಮಾತು ಕೊಟ್ಟಿರುತ್ತದೆ. ಹಸಿರು ಚುಕ್ಕೆ ಕಂಪನಿಯ ಬೆಳೆ, ಕೆಂಪು ಚುಕ್ಕೆ ಆ ಬೆಳೆಗೆ ಬಿದ್ದ ಹುಳ. ಹುಳ ಕಂಡರೆ ರೈತ ಔಷಧಿ ಹೊಡೆಯುತ್ತಾನೆ. ನಮ್ಮವರು ಹುಳವನ್ನು ನೋಡುವ ಕಣ್ಣಿಗೇ ಪಟ್ಟಿ ಕಟ್ಟಿದ್ದರು, ಅಷ್ಟೇ ವ್ಯತ್ಯಾಸ.

ಆ ಹೊಲದಲ್ಲೆಲ್ಲ ಅತಿ ಹಸಿರಾದ ಊರು ನೂಲಗೇರಿ. ಬಾದಾಮಿಯ ಆಚೆಗಿನ ನೇಕಾರರ ಊರು, ಕುಪ್ಪಸದ ಖಣ ನೇಯುವ ನಾನೂರು ಕೈಮಗ್ಗಗಳು ಅಲ್ಲಿ ಇನ್ನೂ ಉಳಿದಿದ್ದವು. ಕಡಗ ಬಂದ ವರ್ಷವೇ ಅಲ್ಲಿನ ಸರಕಾರಿ ದವಾಖಾನೆಯ ಡಾಕ್ಟರನ್ನು ವರ್ಗ ಮಾಡಿದರು, ಇಸಿಜಿ ಯಂತ್ರವನ್ನು ಟೆಂಪೋದಲ್ಲಿ ಹೇರಿಕೊಂಡು ಹೋದರು, ಖಾಲಿ ಕಟ್ಟಡಕ್ಕೆ ‘ಕಡಗ ಕೇಂದ್ರ’ ಎಂಬ ಬೋರ್ಡು ಹಾಕಿದರು. ಒಳಗೆ ಒಂದು ಬೆಂಚು, ಗೋಡೆ ತುಂಬ ಚಾರ್ಜರು. ಊರವರು ಸಂಜೆ ಕಡಗ ಬಿಚ್ಚಿ ಅಲ್ಲಿ ಇಟ್ಟು, ಬೆಳಿಗ್ಗೆ ಸರದಿಯಲ್ಲಿ ನಿಂತು ತರುತ್ತಿದ್ದರು. ಮಾದರಿ ಊರು ಎಂದು ದಿಲ್ಲಿಯಿಂದ ಜನ ಬಂದು ಆ ಚಾರ್ಜರುಗಳ ಫೋಟೋ ತೆಗೆದುಕೊಂಡು ಹೋದರು.

ಆ ಊರಿನಲ್ಲೂ ಅತಿ ಹಸಿರಾದ ಮನುಷ್ಯ ರಾಚಪ್ಪ ಕುಂದರಗಿ, ಐವತ್ತೆಂಟು ವರ್ಷದ ನೇಕಾರ. ಬೆಳಿಗ್ಗೆ ಎಪ್ಪತ್ನಾಲ್ಕು, ಮಧ್ಯಾಹ್ನ ಎಪ್ಪತ್ನಾಲ್ಕು, ಸಂಜೆ ಎಪ್ಪತ್ನಾಲ್ಕು. ಇಡೀ ವಿಭಾಗದಲ್ಲಿ ಇಷ್ಟು ನೆಟ್ಟಗೆ ನಡೆಯುವ ನಾಡಿ ಇನ್ನೊಂದಿಲ್ಲ ಎಂದು ನಮ್ಮ ಆಪರೇಷನ್ಸ್ ಹೆಡ್ ಸಮೀರ ಇನಾಮದಾರರು ಕಂಡುಹಿಡಿದರು. ಕಂಪನಿ ಅವನಿಗೆ ‘ಹೃದಯಶ್ರೀ’ ಪ್ರಶಸ್ತಿ ಕೊಟ್ಟಿತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ‘ಇವರದು ಯೋಗಿಯ ಹೃದಯ’ ಎಂದು ಇನಾಮದಾರರು ಭಾಷಣ ಮಾಡಿದರು. ನಾನೂ ಚಪ್ಪಾಳೆ ತಟ್ಟಿದೆ. ವೇದಿಕೆಯ ನಾಲ್ಕು ಮೆಟ್ಟಿಲು ಹತ್ತುವಾಗ ಆ ಯೋಗಿ ಎರಡು ಸಲ ನಿಂತು ಉಸಿರು ಎಳೆದುಕೊಂಡದ್ದನ್ನು ನೋಡಿಯೂ ತಟ್ಟಿದೆ. ಮೂವತ್ಮೂರು ವರ್ಷದ ಅನುಭವ ಎಂದು ಬೀಗುವವಳಿಗೆ ಆ ಹೊತ್ತು ಏನಾಗಿತ್ತೋ! ಪರದೆಯ ಮೇಲೆ ಹಸಿರು ಇದೆಯಲ್ಲ ಎಂದು ಕಣ್ಣಿಗೆ ನಾನೇ ಸಮಾಧಾನ ಹೇಳಿದೆ.

ಇದಾದ ಎರಡು ತಿಂಗಳಿಗೆ ಅವನ ಹೆಂಡತಿಯ ಫೋನು ಶುರುವಾಯಿತು.

“ಅಕ್ಕಾರ, ನಾನು ನೂಲಗೇರಿ ಶಂಕ್ರವ್ವ ಮಾತಾಡಾಕತ್ತೀನ್ರಿ. ನಮ್ಮನಿಯವರಿಗೆ ದಮ್ಮ ಹತ್ತತೈತ್ರಿ. ಕಾಲು ಬಾತಾವು. ರಾತ್ರಿ ಮಲಗಾಕ ಆಗವಲ್ದು, ಗ್ವಾಡಿಗೆ ಆತು ಕುಂತ ಬೆಳಕ ಹರಸ್ತಾರ್ರಿ.”

ಇಂಥ ಕರೆ ಬಂದಾಗ ಏನು ಹೇಳಬೇಕು ಎಂಬುದನ್ನು ಕಂಪನಿ ಬರೆದೇ ಕೊಟ್ಟಿತ್ತು. ಮೊದಲ ಸಲ ನಾನು ಅದನ್ನೇ ಓದಿದೆ. ನಿಮ್ಮವರ ಹೃದಯ ಅತ್ಯುತ್ತಮವಾಗಿದೆ, ಉಪ್ಪು ಕಡಿಮೆ ಮಾಡಿ, ಚಿಂತೆ ಬೇಡ. ಎರಡನೇ ಸಲವೂ ಓದಿದೆ. ಆಮೇಲೆ ಅವಳು ಗಂಡನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಜಿಲ್ಲೆಯ ಆಸ್ಪತ್ರೆಗೇ ಹೋಗಿದ್ದಳಂತೆ. ಕೌಂಟರಿನವನು ಹೆಸರು ಒತ್ತಿ ನೋಡಿ, ‘ಇವರು ಹೃದಯಶ್ರೀ ಅದಾರಲ್ರೀ, ಇವರಿಗೇನ ಆಗೈತಿ?’ ಎಂದು ನಕ್ಕು ಕಳಿಸಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಿದ್ದ ಕಾಲ ಹೋಗಿ, ಕನ್ನಡಿಯಲ್ಲಿ ಕಾಣದಿದ್ದರೆ ಹುಣ್ಣೇ ಇಲ್ಲ ಎನ್ನುವ ಕಾಲ ಬಂದಿತ್ತು.

ಮೂರನೇ ಸಲ ಅವಳು ಫೋನು ಮಾಡಿದ್ದು ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಹೊತ್ತು. ದನಿಯಲ್ಲಿ ಮೊದಲಿನ ಅಂಜಿಕೆ ಇರಲಿಲ್ಲ, ಸಿಟ್ಟಿತ್ತು.

“ಅಕ್ಕಾರ, ನೀವು ಅಲ್ಲಿ ಕುಂತು ನಮ್ಮನಿಯವರ ಎದಿ ಚಲೋ ಐತಿ ಅಂತೀರಿ. ನಾನು ಇಲ್ಲಿ ಬಾಜೂಕ ಕುಂತು ನೋಡಾಕತ್ತೀನಿ. ಯಾರ ಕಣ್ಣ ಖರೇ?”

ಆ ಮಾತು ನನ್ನ ಮುಖಕ್ಕೆ ಬಡಿಯಿತು. ಬರೆದುಕೊಟ್ಟ ಹಾಳೆಯನ್ನು ಪಕ್ಕಕ್ಕೆ ಸರಿಸಿದೆ.

“ಶಂಕ್ರವ್ವ, ಅವರ ಬಲಗೈ ಹೆಬ್ಬೆಟ್ಟಿನ ಬುಡದಾಗ ಮೂರು ಬೆರಳ ಇಟ್ಟ ನೋಡು. ಬಡಿತ ಎಣಸಾಕ ಬರತೈತೇನು?”

“ಸಾವಿರಗಟ್ಟಲೆ ಎಳಿ ಎಣಿಸಿ ಮಗ್ಗಕ್ಕ ಹಾಸು ಮಾಡಾಕಿ ನಾನು. ಬಡಿತ ಎಣಸೂದೇನ ದೊಡ್ಡದು?” ಎಂದಳು. ಆಮೇಲೆ ಗಂಡನಿಗೆ, “ಏನ್ರೀ, ಒಂದೀಟು ಮಗ್ಗ ನಿಂದರಸ್ರಿ,” ಎಂದು ಕೂಗಿದ್ದು ಕೇಳಿಸಿತು.

ಫೋನಿನಲ್ಲಿ ಅಷ್ಟು ಹೊತ್ತು ಹಿಂದಿನಿಂದ ಬರುತ್ತಿದ್ದ ಟಕ್ ಟಕ್ ಸದ್ದು ನಿಂತಿತು. ನನ್ನ ಪರದೆಯ ಮೇಲೆ ರಾಚಪ್ಪನ ಎಪ್ಪತ್ನಾಲ್ಕು ಕೂಡ ಅದೇ ಕ್ಷಣ ಮಾಯವಾಯಿತು. ಅದರ ಜಾಗದಲ್ಲಿ ‘ಕಡಗ ಸಡಿಲ’ ಎಂಬ ಸಣ್ಣ ಸೂಚನೆ ಬಂತು.

“ಕಡಗ ಸಡಿಲ ಆಗೈತೇನು?”

“ಎಲ್ಲೀ ಸಡಿಲ್ರೀ! ಕೈ ಬಾತೈತಿ, ಕಡಗ ಕಚ್ಚಿ ಕುಂತೈತಿ. ತಡೀರಿ, ಎಣಸಾಕತ್ತೀನಿ.” ಅವಳು ನಿಮಿಷವಿಡೀ ಎಣಿಸಿದಳು. ಆಮೇಲೆ ಹೇಳಿದಳು: “ಇದು ಸಾಲು ಹಿಡದ ಬರವಲ್ದ್ರೀ ಅಕ್ಕಾರ. ಎರಡು ಒಂದಕೊಂದು ಹತ್ತಿ ಬರ್ತಾವು, ನಡಕ ಒಂದು ಇಲ್ಲೇ ಇಲ್ಲ, ಮತ್ತ ನಾಕು ಓಡತಾವು. ಎಳಿ ಹರದ ಹಾಸಿನಂಗ ಐತಿ. ಒಂದ ನಿಮಿಷಕ್ಕ ನೂರಾ ಮೂವತ್ತರ ಮ್ಯಾಲೆ ಆದ್ವು.”

ಇಷ್ಟು ಚೆನ್ನಾಗಿ ಹೇಳಿದ ಡಾಕ್ಟರನ್ನು ನಾನು ಕಂಡಿಲ್ಲ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬರೀ ಅದುರುವ ಕಾಯಿಲೆ ಅದು. ಹಾಗೆ ಅದುರುವಾಗ ಒಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಹೆಪ್ಪು ಮಿದುಳಿಗೆ ಹೋದರೆ ಲಕ್ವ. ನಿಲ್ಲಿಸಿದ್ದ ಮಗ್ಗ ಫೋನಿನಲ್ಲಿ ಮತ್ತೆ ಶುರುವಾಯಿತು. ಒಪ್ಪಿಕೊಂಡ ಖಣ ಮುಗಿಸಬೇಕಿತ್ತೇನೋ. ಪರದೆಯಲ್ಲಿ ಎಪ್ಪತ್ನಾಲ್ಕು ವಾಪಸು ಬಂತು. ಹಳೇ ಅಭ್ಯಾಸದಿಂದ ಎದೆಗೆ ಸಿಕ್ಕಿಸಿಕೊಂಡಿದ್ದ ಗಡಿಯಾರ ನೋಡುತ್ತ ನಾನು ಆ ಟಕ್ ಟಕ್ ಎಣಿಸಿದೆ. ಒಂದು ನಿಮಿಷಕ್ಕೆ ಎಪ್ಪತ್ನಾಲ್ಕು.

ನಾವು ಇಷ್ಟು ದಿನ ಶಾಲು ಹೊದಿಸಿ ಹಾಡಿಹೊಗಳಿದ್ದು ರಾಚಪ್ಪನ ಹೃದಯವನ್ನಲ್ಲ, ಅವನ ಮಗ್ಗವನ್ನು.

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಕಡಗದ ಒಳಮೈಯಲ್ಲಿ ಒಂದು ಹಸಿರು ದೀಪವಿದೆ. ಅದು ಚರ್ಮದ ಮೇಲೆ ಬೆಳಕು ಬಿಟ್ಟು, ಎಷ್ಟು ವಾಪಸು ಬಂತು ಎಂದು ನೋಡುತ್ತದೆ. ಹೃದಯ ಬಡಿದಾಗ ಮುಂಗೈಯಲ್ಲಿ ರಕ್ತ ಉಕ್ಕುತ್ತದೆ, ವಾಪಸು ಬರುವ ಬೆಳಕು ಕಡಿಮೆಯಾಗುತ್ತದೆ. ಅದನ್ನು ಎಣಿಸಿದರೆ ನಾಡಿ. ಆದರೆ ಕೈಯನ್ನೇ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಕೊಡದ ನೀರಿನಂತೆ ರಕ್ತ ಆ ಬಡಿತಕ್ಕೇ ತುಳುಕುತ್ತದೆ. ನೇಕಾರ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, ಬಲಗೈಯಿಂದ ಹಗ್ಗ ಜಗ್ಗಿ ಲಾಳಿ ಓಡಿಸುತ್ತಾನೆ, ಎಡಗೈಯಿಂದ ಹೊಕ್ಕಿನ ಎಳೆ ಕೂರಿಸುವ ಹಣಿಗೆ ಎಳೆದು ಬಡಿಯುತ್ತಾನೆ. ಕಡಗ ಎಡಗೈಗೇ ಇರಬೇಕೆಂದು ಕಂಪನಿಯ ನಿಯಮ. ಯಂತ್ರಕ್ಕೆ ಎರಡು ತಾಳ ಕೇಳಿಸುತ್ತವೆ, ಒಂದು ಗಟ್ಟಿ ಮತ್ತು ನೆಟ್ಟಗೆ, ಇನ್ನೊಂದು ಸಣ್ಣದು ಮತ್ತು ಸೊಟ್ಟ. ಅದು ಗಟ್ಟಿಯಾದದ್ದನ್ನು ಹೃದಯ ಎಂದು ನಂಬುತ್ತದೆ. ಮಗ್ಗ ನಿಂತಾಗ ನಿಜವಾದ ಸೊಟ್ಟ ನಾಡಿ ಸಿಕ್ಕರೂ, ‘ಇಷ್ಟು ಒಳ್ಳೆಯ ಮನುಷ್ಯನ ನಾಡಿ ಹೀಗಿರಲು ಸಾಧ್ಯವಿಲ್ಲ, ಕಡಗವೇ ಸಡಿಲವಿರಬೇಕು’ ಎಂದು ತೀರ್ಮಾನಿಸುತ್ತದೆ. ಸುಳ್ಳನ್ನು ದಿನವಿಡೀ ಕೇಳಿದವನಿಗೆ ಸತ್ಯವೇ ಗದ್ದಲವಾಗಿ ಕೇಳಿಸುತ್ತದೆ. ಕಡಗ ಇದನ್ನು ಮನುಷ್ಯರಿಂದಲೇ ಕಲಿತಿರಬೇಕು.

ಆ ಮಧ್ಯಾಹ್ನ ಊಟ ಬಿಟ್ಟು ನೂಲಗೇರಿಯ ಒಂದು ವರ್ಷದ ದಾಖಲೆ ತೆಗೆದೆ. ನಾನೂರು ನೇಕಾರರ ನಾಡಿಯೂ ಎಪ್ಪತ್ತರಿಂದ ಎಪ್ಪತ್ತೆಂಟರ ಒಳಗೇ! ಮುದುಕರು, ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಒಂದೇ ಅಚ್ಚಿನ ಇಟ್ಟಿಗೆಗಳು. ತಿಂಗಳಿಗೆ ಒಂದು ದಿನ ಮಾತ್ರ ಬೇರೆ. ಆ ದಿನ ಒಬ್ಬನದು ಅರವತ್ತೆರಡು, ಒಬ್ಬನದು ತೊಂಬತ್ತು, ಯಾರದು ಅವರಿಗೆ. ಮತ್ತು ಹನ್ನೊಂದು ಜನರದು ಪ್ರತಿ ತಿಂಗಳೂ ಅದೇ ದಿನ, ಅದೇ ಹೆಸರು, ‘ಕಡಗ ಸಡಿಲ’. ಆ ದಿನ ಯಾವುದು ಎಂದು ನೋಡಲು ಗೋಡೆಯ ಕ್ಯಾಲೆಂಡರಿಗೆ ಹೋದೆ. ಹನ್ನೆರಡಕ್ಕೆ ಹನ್ನೆರಡೂ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಮಗ್ಗ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ಸುಮ್ಮನೆ ಕೂರುತ್ತಾರೆ. ನಮ್ಮ ಕಡೆ ಕೂಸಿಗೂ ಗೊತ್ತಿರುವ ಈ ಸಂಗತಿ ನಾಲ್ಕನೇ ಮಹಡಿಯ ಅರವತ್ತು ಎಂಜಿನಿಯರುಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಎಲ್ಲವನ್ನೂ ಪ್ರಿಂಟ್ ತೆಗೆದು ಇನಾಮದಾರರ ಮುಂದೆ ಇಟ್ಟೆ. ಅವರು ಒಂದು ಹಾಳೆ ನೋಡಿದರು, ಇನ್ನೊಂದನ್ನು ನೋಡಲಿಲ್ಲ.

“ಏನ್ರಿ ಸಿಸ್ಟರ್, ಪಂಚಾಂಗ ತಗೊಂಡು ಬಂದೀರಲ್ಲ! ಅಮಾವಾಸಿ, ಹುಣ್ಣಿಮಿ ಅಂತ ಮಾತಾಡಲಿಕ್ಕೆ ಇದೇನು ಮಠ ಏನ್ರಿ? ನಾವು ಸೈನ್ಸ್ ಮಾಡೋ ಮಂದಿ.”

“ಸರ್, ಅಮಾವಾಸ್ಯಿ ಅಲ್ಲ ಮುಖ್ಯ, ಮಗ್ಗ. ಉಳಿದ ದಿನ ನೀವು ನೋಡೂದು ಮಗ್ಗದ ಬಡಿತ. ಹನ್ನೊಂದು ಜನ ಅದಾರ. ರಾಚಪ್ಪಂದು ಇವತ್ತೋ ನಾಳೆಯೋ ಅನ್ನೂ ಹಂಗೈತಿ. ಒಂದು ಆಂಬುಲೆನ್ಸ್ ಕಳಸ್ರಿ ಸಾಕು.”

ಅವರಿಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ಅರ್ಥವಾದದ್ದು ಮುಖದಲ್ಲಿ ಕಾಣಿಸಿತು. ಆದರೆ ಮುಂದಿನ ತಿಂಗಳು ಇನ್ನೂ ಎಂಟು ಜಿಲ್ಲೆಗಳ ಒಪ್ಪಂದಕ್ಕೆ ಸಹಿ ಬೀಳುವುದಿತ್ತು, ಅದಕ್ಕೆ ನೂಲಗೇರಿಯೇ ಸಾಕ್ಷಿ.

“ಹಸಿರು ಇದ್ದದ್ದನ್ನ ಯಾಕ ಕೆಂಪು ಮಾಡ್ತೀರಿ? ಅವರು ನಮ್ಮ ಹೃದಯಶ್ರೀ ಇದ್ದಾರ. ನಾಳೆ ಪೇಪರಿನವರು ಏನು ಬರೀತಾರ, ಗೊತ್ತದ ಏನು?” ಎಂದರು. ಆಮೇಲೆ ಬಹಳ ಕನಿಕರದಿಂದ ನನಗೆ ಎರಡು ದಿನ ರಜೆ ಕೊಟ್ಟರು. ನನಗೆ ವಿಶ್ರಾಂತಿ ಬೇಕಿತ್ತಂತೆ.

ರಜೆಯ ಎರಡನೇ ದಿನ ಅಮಾವಾಸ್ಯೆ. ಬೆಳಿಗ್ಗೆ ಆರಕ್ಕೇ ಶಂಕ್ರವ್ವನ ಫೋನು ಬಂತು. ಅವಳು ಅಳುತ್ತಿದ್ದಳು. ನಾನು ಮೊದಲ ಬಸ್ಸು ಹಿಡಿದೆ. ನೂಲಗೇರಿ ಮುಟ್ಟಿದಾಗ ಹತ್ತು ಗಂಟೆ. ಊರಿಗೆ ಊರೇ ಮೌನವಾಗಿತ್ತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು, ಎಲ್ಲೂ ಒಂದು ಮಗ್ಗದ ಸದ್ದಿಲ್ಲ.

ರಾಚಪ್ಪ ಮಗ್ಗದ ಕೋಣೆಯಲ್ಲೇ ಗೋಡೆಗೆ ಒರಗಿ ಕೂತಿದ್ದ. ತುಟಿ ನೀಲಿಯಾಗಿತ್ತು. ಬಾತ ಕಾಲಿಗೆ ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಅವನ ತಲೆಯ ಮೇಲೆ ಕಟ್ಟು ಹಾಕಿದ ಹೃದಯಶ್ರೀ ಪ್ರಶಸ್ತಿ ಪತ್ರ ತೂಗುತ್ತಿತ್ತು. ನನ್ನನ್ನು ನೋಡಿ ಅವನು ಏಳಲು ಹೋದ.

“ಕುಂದರ್ರಿ ಅಕ್ಕಾರ... ಚಾ ತಗೋರಿ...” ಎಂದ. ಆ ನಾಲ್ಕು ಮಾತಿಗೆ ಎರಡು ಸಲ ನಿಂತು ಉಸಿರು ಎಳೆದುಕೊಂಡ.

ಮುಂಗೈ ಹಿಡಿದೆ. ಆರು ವರ್ಷದ ಮೇಲೆ ಒಬ್ಬ ಮನುಷ್ಯನ ನಾಡಿ ನನ್ನ ಬೆರಳಿಗೆ ಸಿಕ್ಕಿತು. ಶಂಕ್ರವ್ವ ಹೇಳಿದ್ದರಲ್ಲಿ ಒಂದು ಎಳೆಯೂ ಹೆಚ್ಚುಕಡಿಮೆ ಇರಲಿಲ್ಲ. ಅವನ ಕಡಗದ ದೀಪ ನೋಡಿದೆ. ಹಸಿರೂ ಅಲ್ಲ, ಕೆಂಪೂ ಅಲ್ಲ, ಹಳದಿಯಲ್ಲಿ ಮಿಟುಕುತ್ತಿತ್ತು: ಸಡಿಲ, ಸಡಿಲ. ಕಣ್ಣ ಮುಂದೆ ಮನುಷ್ಯ ಸಾಯುತ್ತಿದ್ದ, ಅವನ ಕಡಗ ಪಟ್ಟಿ ಬಿಗಿ ಮಾಡಿ ಎನ್ನುತ್ತಿತ್ತು. ನನಗೆ ಅದನ್ನು ಕಲ್ಲಿನ ಮೇಲಿಟ್ಟು ಜಜ್ಜಬೇಕು ಎನಿಸಿತು. ಜಜ್ಜಿದರೆ ಇದ್ದ ಒಂದು ದಾರಿಯೂ ಹೋಗುತ್ತಿತ್ತು. ಆಂಬುಲೆನ್ಸಿಗೆ ಬೇಕಾದದ್ದು ಕೆಂಪು, ಆಸ್ಪತ್ರೆಗೆ ಬೇಕಾದದ್ದೂ ಕೆಂಪು. ನಿಜ ಹೇಳಿ ಕೆಂಪು ಮಾಡಿಸಲು ಆಗುವುದಿಲ್ಲ ಎಂಬುದು ಖಾತ್ರಿಯಾಗಿತ್ತು.

ಆಗ ನನ್ನ ಕಣ್ಣು ವಿಭೂತಿ ಹಚ್ಚಿದ ಮಗ್ಗದ ಮೇಲೆ ಬಿತ್ತು. ಇಷ್ಟು ದಿನ ಈ ಮಗ್ಗ ಹಸಿರು ಹೇಳಿದೆ, ಕಂಪನಿ ನಂಬಿದೆ. ಇವತ್ತು ಇದೇ ಮಗ್ಗ ಕೆಂಪು ಹೇಳಿದರೆ ಯಾಕೆ ನಂಬುವುದಿಲ್ಲ?

“ಶಂಕ್ರವ್ವ, ನಿನಗ ಹಣಿಗಿ ಬಡಿಯಾಕ ಬರತೈತಲ್ಲ? ಲಾಳಿ ಬ್ಯಾಡ. ಬರೇ ಹಣಿಗಿ. ನಿಮಿಷಕ್ಕ ನೂರಾ ಅರವತ್ತು. ಹತ್ತು ನಿಮಿಷ ಬಿಡಲಾರದ.”

ಗಂಡನ ಕಡಗ ತೊಟ್ಟು ಹಾಗೆ ಬಡಿದರೆ ಏನಾಗುತ್ತದೆ ಎಂದು ಅವಳಿಗೆ ಹೇಳಿದೆ. ಅರ್ಥವಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಆದರೆ ಅವಳು ಅಲ್ಲಾಡಲಿಲ್ಲ. ಮಗ್ಗದ ಮೇಲಿನ ಹೂವು ನೋಡುತ್ತ ನಿಂತಳು. ಅಮಾವಾಸ್ಯೆ ದಿನ ಮಗ್ಗ ಮುಟ್ಟಿದರೆ ಆ ಮನೆಯ ಹಾಸು ಉಳಿಯುವುದಿಲ್ಲ ಎಂಬ ಮಾತು ಕೇಳುತ್ತಲೇ ಬೆಳೆದವಳು. ನಾನು ಬೇರೆ ಮತದವಳು, ಅವಳಿಗೆ ಮುಟ್ಟು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

“ಬ್ಯಾಡ,” ಎಂದ ರಾಚಪ್ಪ. “ಇವತ್ತ... ಬ್ಯಾಡ.”

“ನೀವು ಸುಮ್ನ ಕುಂದರ್ರಿ,” ಎಂದಳು ಶಂಕ್ರವ್ವ. ಗಂಡನಿಗೆ ಅವಳು ಆವರೆಗೆ ಹಾಗೆ ಹೇಳಿರಲಿಕ್ಕಿಲ್ಲ. ಮಗ್ಗಕ್ಕೆ ಹಣೆ ಹಚ್ಚಿ, “ಮೂವತ್ತೈದು ವರ್ಷ ನಿನಗ ದುಡದಾರ. ಇವತ್ತೊಂದ ದಿನ ನೀ ಅವರಿಗೆ ದುಡಿ,” ಎಂದಳು. ಗಂಡನ ಕೈಯಿಂದ ಕಡಗ ಬಿಚ್ಚಿ ತನ್ನ ಎಡಗೈಗೆ ಹಾಕಿಕೊಂಡು ಕುಣಿಗೆ ಇಳಿದಳು.

ಕಡಗ ತನ್ನ ಯಜಮಾನನ ನಾಡಿಯನ್ನು ಗುರುತಿಸುತ್ತದೆ, ಬೇರೆಯವರು ಹಾಕಿಕೊಂಡರೆ ನಿಂತುಬಿಡುತ್ತದೆ ಎಂಬುದು ಕಂಪನಿಯ ದೊಡ್ಡ ಜಂಬ. ಆದರೆ ಅದು ಇಷ್ಟು ದಿನ ಯಜಮಾನ ಎಂದು ಗುರುತು ಇಟ್ಟುಕೊಂಡದ್ದು ಇದೇ ಹಣಿಗೆಯ ಹೊಡೆತವನ್ನಲ್ಲವೆ? ಶಂಕ್ರವ್ವ ಮೊದಲು ಗಂಡನ ಲಯದಲ್ಲೇ ಬಡಿದಳು. ದೀಪ ಹಸಿರಾಯಿತು. ಕಡಗಕ್ಕೆ ತನ್ನ ರಾಚಪ್ಪ ಸಿಕ್ಕಿದ್ದ.

“ಈಗ ಓಡಸು,” ಎಂದೆ.

ಅವಳು ಬಡಿದಳು. ನಾನು ಗಡಿಯಾರ ಹಿಡಿದು ತಾಳ ಹೇಳಿದೆ. ನೂರು, ನೂರಾ ಇಪ್ಪತ್ತು, ನೂರಾ ಐವತ್ತು, ನೂರಾ ಅರವತ್ತು. ಅಮಾವಾಸ್ಯೆಯ ಮೌನದಲ್ಲಿ ಆ ಸದ್ದು ಊರಿಗೆಲ್ಲ ಕೇಳಿತು. ಐದು ನಿಮಿಷದಲ್ಲಿ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. “ಏ ಶಂಕ್ರೀ, ತಲಿ ಕೆಟ್ಟೈತೇನ, ಇವತ್ತ ಅಮಾಸಿ!” ಎಂದು ಒಬ್ಬಳು ಕೂಗಿದಳು. ಶಂಕ್ರವ್ವನ ಸೆರಗು ಜಾರಿತ್ತು, ಕೂದಲು ಬಿಚ್ಚಿತ್ತು. ಏಳನೇ ನಿಮಿಷಕ್ಕೆ ಕೈ ಸೋತು ಲಯ ತಪ್ಪಿತು, ದೀಪ ಹಳದಿಗೆ ಇಳಿಯಿತು. ಅವಳು ತುಟಿ ಕಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಹತ್ತು ನಿಮಿಷ. ನೇಕಾರರ ಕೈಯಲ್ಲದೆ ಬೇರೆ ಯಾರಿಂದಲೂ ಆಗುವ ಕೆಲಸವಲ್ಲ ಅದು.

ಕಡಗ ಕೆಂಪಾಗಿ ಕಿರುಚಿಕೊಂಡಿತು. ಶಂಕ್ರವ್ವ ಅದನ್ನು ಬಿಚ್ಚಿ ಗಂಡನ ಕೈಗೆ ವಾಪಸು ಹಾಕಿದಳು. ಅಲ್ಲಿಂದ ಹದಿನಾಲ್ಕನೇ ನಿಮಿಷಕ್ಕೆ ಬಾಗಿಲಲ್ಲಿ ಆಂಬುಲೆನ್ಸ್ ಇತ್ತು. ಹೃದಯಶ್ರೀ ಕೆಂಪಾದನೆಂದು ನಾಲ್ಕನೇ ಮಹಡಿಯಲ್ಲಿ ಓಡಾಟವೋ ಓಡಾಟವಂತೆ. ಆಸ್ಪತ್ರೆಯಲ್ಲಿ ಹೆಸರು ತಾನಾಗಿ ತೆರೆದುಕೊಂಡಿತು. ಮೊದಲು ನಕ್ಕು ಕಳಿಸಿದ್ದ ಕೌಂಟರಿನವನೇ ಗಾಲಿಕುರ್ಚಿ ತಳ್ಳಿದ.

ರಾಚಪ್ಪ ಬದುಕಿದ. ಇದನ್ನು ಸಂತೋಷದಿಂದ ಹೇಳಿ ಮುಗಿಸಬಹುದಿತ್ತು. ಆದರೆ ಎರಡನೇ ದಿನ ಹೆಪ್ಪೊಂದು ಮಿದುಳಿಗೆ ಹೋಗಿ ಅವನ ಎಡಗೈ ಬಿದ್ದುಹೋಯಿತು. ಮಾತು ಉಳಿಯಿತು, ನಡಿಗೆ ಉಳಿಯಿತು, ಬೆರಳು ಮೇಲೆ ಏಳಲಿಲ್ಲ. “ಮೂರು ತಿಂಗಳ ಮೊದಲು ಬಂದಿದ್ದರ ದಿನಾ ಒಂದು ಗುಳಿಗಿ ಸಾಕಿತ್ತು. ಏನು ಮಾಡತಿದ್ರಿ ಇಷ್ಟು ದಿನ?” ಎಂದು ಡಾಕ್ಟರು ಶಂಕ್ರವ್ವನನ್ನೇ ಗದರಿದರು. ಅವಳು ನನ್ನ ಕಡೆ ನೋಡಿದಳು. ಅವಳು ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹದಿನೈದು ದಿನದಲ್ಲಿ ಹೆದ್ದಾರಿಯ ಪಕ್ಕ ದೊಡ್ಡ ದೊಡ್ಡ ಫಲಕಗಳು ಎದ್ದವು: ‘ಕಡಗ ಕೆಂಪಾಯಿತು, ನೇಕಾರನ ಜೀವ ಉಳಿಯಿತು.’ ಚಿತ್ರದಲ್ಲಿ ರಾಚಪ್ಪ ನಗುತ್ತಿದ್ದಾನೆ, ಪ್ರಶಸ್ತಿಯ ಶಾಲನ್ನು ಎಡ ಭುಜದಿಂದ ಕೆಳಗೆ ಇಳಿಬಿಟ್ಟಿದ್ದಾರೆ. ಕೈ ಕಾಣಬಾರದಲ್ಲ! ಎಂಟು ಜಿಲ್ಲೆಗಳ ಒಪ್ಪಂದಕ್ಕೆ ಸಹಿ ಬಿತ್ತು.

ನಾನು ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು, ಆದರೆ ಇನ್ನೂ ಹತ್ತು ಹೆಸರು ಬಾಕಿ ಇದ್ದವು. ಮುಂದಿನ ಅಮಾವಾಸ್ಯೆಗೆ ಮತ್ತೆ ನೂಲಗೇರಿಗೆ ಹೋಗಿ, ಶಂಕ್ರವ್ವನ ಕಟ್ಟೆಯ ಮೇಲೆ ಓಣಿಯ ಹೆಂಗಸರನ್ನು ಕೂರಿಸಿ, ಮೂರು ಬೆರಳು ಎಲ್ಲಿಡಬೇಕು ಎಂದು ತೋರಿಸಿಕೊಟ್ಟೆ. ದಿನವಿಡೀ ಎಳೆ ಎಣಿಸುವ ಬೆರಳುಗಳು ಅವು. ನರ್ಸಿಂಗ್ ಶಾಲೆಯಲ್ಲಿ ಮೂರು ತಿಂಗಳಲ್ಲಿ ಕಲಿಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತರು. ಈಗ ಅಮಾವಾಸ್ಯೆಯೆಂದರೆ ಅಲ್ಲಿ ಮಗ್ಗದ ಪೂಜೆ ಮುಗಿದ ಮೇಲೆ ನಾಡಿ ನೋಡುವ ಹೊತ್ತು. ಎಳೆ ಹರಿದದ್ದು ಸಿಕ್ಕರೆ, ಮಗ್ಗಕ್ಕೆ ಕೈಮುಗಿದು, ಆ ಮನೆಯ ಹೆಂಗಸು ಕಡಗ ಹಾಕಿಕೊಂಡು ಕುಣಿಗೆ ಇಳಿಯುತ್ತಾಳೆ. ಕೈ ಸೋತರೆ ತಾಳ ಬಿಡದೆ ಕಡಗವನ್ನು ಇನ್ನೊಬ್ಬಳು ತೆಗೆದುಕೊಳ್ಳುವುದನ್ನೂ ಅಭ್ಯಾಸ ಮಾಡಿಕೊಂಡಿದ್ದಾರೆ. ನಾಲ್ಕು ಅಮಾವಾಸ್ಯೆಗಳಲ್ಲಿ ಏಳು ಜನ ಆಸ್ಪತ್ರೆ ಸೇರಿದ್ದಾರೆ. ಏಳೂ ಜನರ ಕೈ ನೆಟ್ಟಗಿದೆ.

ಕಳೆದ ವಾರ ಇನಾಮದಾರರು ನನ್ನನ್ನು ಕರೆದರು. ಮೇಜಿನ ಮೇಲೆ ಬಣ್ಣದ ವರದಿ ಇತ್ತು. ನೂಲಗೇರಿಯ ಕೆಂಪು ಚುಕ್ಕೆಗಳೆಲ್ಲ ಅಮಾವಾಸ್ಯೆಯ ದಿನವೇ ಬರುತ್ತಿವೆ ಎಂದು ಯಂತ್ರ ಕಂಡುಹಿಡಿದಿತ್ತು. ಹೃದಯದ ಮೇಲೆ ಚಂದ್ರನ ಪ್ರಭಾವ ಎಂದು ಪ್ರಬಂಧ ಬರೆದು ಅವರು ಸಿಂಗಾಪುರಕ್ಕೆ ಹೊರಟಿದ್ದರು.

“ಸಿಸ್ಟರ್, ಅವತ್ತು ನೀವು ಅಮಾವಾಸಿ ಅಂದಾಗ ನಾನು ನಕ್ಕೆ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಹೆಸರೂ ಹಾಕ್ತೀನಿ.”

“ಮಗ್ಗದ ಮಾತೂ ಹೇಳಿದ್ದೆನಲ್ರೀ ಸರ್?”

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು. “ಅದು ಬ್ಯಾಡ್ರಿ,” ಎಂದರು ಮೆಲ್ಲಗೆ. ಅವರಿಗೆ ಎಲ್ಲ ಗೊತ್ತು. ಮಗ್ಗ ಎಂದು ಒಪ್ಪಿಕೊಂಡರೆ ರಾಚಪ್ಪನ ಒಂದು ಕೈಗೆ ಉತ್ತರ ಹೇಳಬೇಕು. ಚಂದ್ರ ಯಾವ ಕೋರ್ಟಿನ ಮೆಟ್ಟಿಲೂ ಹತ್ತುವುದಿಲ್ಲ.

“ಹಂಗಾದರ ಚಂದ್ರಗೂ ಒಂದು ಕಡಗ ಹಾಕಿಸ್ರಿ ಸರ್. ತಿಂಗಳಾ ತಿಂಗಳಾ ಸೊರಗತಾನ, ಪಾಪ,” ಎಂದು ಎದ್ದು ಬಂದೆ.

ಇವತ್ತು ಅಮಾವಾಸ್ಯೆ. ತಾವು ಹೊರಡುವ ಮೊದಲೇ ಪುರಾವೆ ತೋರಿಸಲು ಇನಾಮದಾರರು ಸಿಂಗಾಪುರದವರನ್ನೇ ಕಂಟ್ರೋಲ್ ರೂಮಿಗೆ ಕರೆತಂದು ಪರದೆಯ ಮುಂದೆ ನಿಲ್ಲಿಸಿದ್ದಾರೆ. ನನ್ನ ಫೋನು ಅಲುಗಿತು. ಶಂಕ್ರವ್ವ.

“ಅಕ್ಕಾರ, ಬಾವಿ ಓಣಿ, ಮೂಲಿಮನಿ. ಎಳಿ ಹರದೈತ್ರಿ. ಕುಣಿಗೆ ಇಳದಾಳ.”

ಅವಳ ಮಾತಿನ ಹಿಂದೆ ಒಂದು ಹಣಿಗೆ ಬಡಿಯಲು ಶುರುವಾದದ್ದು ಕೇಳಿಸಿತು. ಮೊದಲು ನಿಧಾನ, ಆಮೇಲೆ ಓಟ. ನಾನು ಎದೆಯ ಗಡಿಯಾರ ನೋಡುತ್ತ ಕೂತೆ. ಹತ್ತನೇ ನಿಮಿಷಕ್ಕೆ ನೂಲಗೇರಿಯ ಮೂಲೆಯಲ್ಲಿ ಒಂದು ಚುಕ್ಕೆ ಕೆಂಪಾಯಿತು.

“ನೋಡ್ರಿ, ಚಂದ್ರ!” ಎಂದು ಇನಾಮದಾರರು ಕೂಗಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.